ಹತ್ತು ನಿಮಿಷದ ಮಾತು

ಏಳನೆಯ ತರಗತಿಯ ಮಕ್ಕಳಿಗೆ ನಾನು ಪ್ರತಿ ವರ್ಷ ‘ಕುಟುಂಬದೊಂದಿಗೆ ಕೈಗೊಂಡ ಒಂದು ಪ್ರವಾಸ’ ಎಂಬ ನಿಬಂಧವನ್ನು ಬರೆಯಲು ಕೊಡುತ್ತೇನೆ. ಅದಕ್ಕೆ ನನ್ನದೊಂದು ನಿಯಮವಿದೆ: ಹೋಗದ ಊರಿನ ಬಗ್ಗೆ ಬರೆಯಕೂಡದು. ಅಂಗಡಿಯ ನಿಬಂಧಮಾಲೆಯಿಂದ ನಕಲು ಇಳಿಸಿಕೊಂಡ ಅರಮನೆಗೂ ಜಲಪಾತಕ್ಕೂ ನಾನು ಸೊನ್ನೆ ಕೊಡುತ್ತೇನೆ. ಸುಳ್ಳನ್ನು ಅಂದವಾಗಿ ಬರೆಯುವುದಕ್ಕಾಗಿ ಅಕ್ಷರ ಕಲಿಯುವುದಾದರೆ ಕಲಿಯದಿರುವುದೇ ಮೇಲು ಎಂದು ಇಪ್ಪತ್ತಾರು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಈಗಲೂ ಅದನ್ನೇ ನಂಬುತ್ತೇನೆ.

ನಮ್ಮ ಶಾಲೆ ಹಳಿಯಾಳ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಅರ್ಧದಷ್ಟು ಮಕ್ಕಳು ಸಿದ್ದಿ ಮನೆಗಳವರು. ಅವರ ಪೂರ್ವಿಕರನ್ನು ಶತಮಾನಗಳ ಹಿಂದೆ ಆಫ್ರಿಕದಿಂದ ಹಡಗುಗಳಲ್ಲಿ ತಂದು ಈ ಕರಾವಳಿಯಲ್ಲಿ ಮಾರಲಾಯಿತು. ಅಂದಿನಿಂದ ಅವರು ಈ ಕಾಡಿನಂಚಿನಲ್ಲಿಯೇ ಹುಟ್ಟಿ ಈ ಮಣ್ಣಿನಲ್ಲಿಯೇ ಹೂಳಲ್ಪಟ್ಟಿದ್ದಾರೆ. ಪೌರನೀತಿಯ ಪಾಠದಲ್ಲಿ ನಾನು ಇದನ್ನು ತಪ್ಪದೆ ಹೇಳುತ್ತೇನೆ. ನೀವು ಈ ಜಿಲ್ಲೆಯವರು, ಯಾರೂ ನಿಮ್ಮನ್ನು ನೋಡುವ ವಸ್ತುವನ್ನಾಗಿ ಮಾಡಕೂಡದು, ಮಾಡಿದರೆ ಎದ್ದು ನಿಂತು ಬೇಡವೆನ್ನಿ ಎಂದು ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ.

ಈ ವರ್ಷ ಜನವರಿಯಲ್ಲಿ ನಿಬಂಧದ ವಿಷಯವನ್ನು ಹಲಗೆಯ ಮೇಲೆ ಬರೆದಾಗ ಸ್ಟೆಲ್ಲಾ ಎಂಬ ಹುಡುಗಿ ಎದ್ದು ನಿಂತು, ತಾವು ಎಲ್ಲಿಗೂ ಹೋಗುವುದಿಲ್ಲ ಎಂದಳು. ಮುಂಡಗೋಡದಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗುತ್ತೀಯಲ್ಲ, ಅದೂ ಪ್ರವಾಸವೇ ಎಂದೆ.

“ಅದು ನಾಟಿ ಹಚ್ಚಾಕ ಹೋಗೂದ್ರಿ ಸರ. ಎಲ್ಲಾರೂ ಬಗ್ಗಿರತಾರ. ಏನೂ ಕಾಣೂದಿಲ್ಲ.”

ತರಗತಿ ನಕ್ಕಿತು. ಅವಳು ನಗಿಸಲೆಂದು ಹೇಳಿರಲಿಲ್ಲ. ಇನ್ನೂ ಒಂದು ತಿಂಗಳ ಸಮಯವಿದೆ, ಎಲ್ಲಿಗಾದರೂ ಕರೆದುಕೊಂಡು ಹೋಗಲು ಅಪ್ಪನಿಗೆ ಹೇಳು ಎಂದು ಕೂರಿಸಿದೆ. ಮಾತು ಅಲ್ಲಿಗೇ ಮುಗಿಯಿತೆಂದು ತಿಳಿದಿದ್ದೆ.

ನಾಲ್ಕು ದಿನಗಳ ಅನಂತರ ಅವಳ ತಂದೆ ಕಾಯತಾನ ಶಾಲೆಗೆ ಬಂದರು. ಸುಗ್ಗಿಯಲ್ಲಿ ಕಬ್ಬು ಕಡಿಯುವ, ಉಳಿದ ದಿನಗಳಲ್ಲಿ ಲಾರಿಗೆ ಮರ ಹೇರುವ ಎತ್ತರದ ಮನುಷ್ಯ. ಭಾನುವಾರ ಇಗರ್ಜಿಯ ಗಾಯನದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ತಗ್ಗು ದನಿಯಲ್ಲಿ ಹಾಡುತ್ತಾರೆ ಎಂಬುದನ್ನು ಬಿಟ್ಟರೆ ಅವರ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ. ದಾಂಡೇಲಿಯಲ್ಲಿ ಹೊಳೆಯ ದಂಡೆಯ ಮೇಲೆ ಆಹಾರ ಮೇಳವಿದೆಯಂತೆ, ಅಲ್ಲಿ ರಾಫ್ಟ್ ಎಂಬ ರಬ್ಬರ್ ದೋಣಿಯಲ್ಲಿಯೂ ಕೂರಿಸುತ್ತಾರಂತೆ, ಮಗಳು ಹಟ ಹಿಡಿದಿದ್ದಾಳೆ, ಅದು ನಮ್ಮಂಥವರಿಗೆ ಹೋಗಬಹುದಾದ ಜಾಗವೇ ಎಂದು ಕೇಳಿದರು.

ಆ ಮೇಳದ ನಿರೂಪಣೆಗೆ ನನ್ನನ್ನೇ ನೇಮಿಸಿದ್ದರು. ತಾಲೂಕಿನಲ್ಲಿ ಯಾವ ಸಮಾರಂಭವಾದರೂ ಧ್ವನಿವರ್ಧಕದ ಮುಂದೆ ನಿಲ್ಲಲು ಒಬ್ಬ ಕನ್ನಡ ಶಿಕ್ಷಕ ಬೇಕಾಗುತ್ತಾನೆ. ಹತ್ತು ವರ್ಷಗಳಿಂದ ಆ ಶಿಕ್ಷಕ ನಾನೇ. ನಿರೂಪಕನಿಗೆ ಒಂದು ಕುಟುಂಬದ ಉಚಿತ ಚೀಟಿ ಸಿಗುತ್ತದೆ, ಅದನ್ನು ನೀವೇ ಇಟ್ಟುಕೊಳ್ಳಿ ಎಂದೆ. ಕಾಯತಾನ ತಲೆ ಅಲ್ಲಾಡಿಸಿದರು.

“ಪುಕ್ಕಟೆ ಬ್ಯಾಡ್ರಿ ಗುರುಗಳ. ಚೀಟಿ ತಗೊಂಡs ಹೋಗತೀವಿ. ಒಮ್ಮಿ ಹಂಗ ಹೋಗಿ ನೋಡೂಣು ಅಂತ.”

ಆ ಮಾತು ನನಗೆ ಬಹಳ ಹಿಡಿಸಿತು. ಮರುದಿನ ಸ್ವಾಭಿಮಾನದ ಬಗ್ಗೆ ಪಾಠ ಮಾಡುವಾಗ ಹೆಸರು ಹೇಳದೆ ಅದನ್ನು ಉದಾಹರಿಸಿದೆ. ಮಾತು ಯಾರದೆಂದು ಎಲ್ಲರಿಗೂ ಗೊತ್ತಾಯಿತು. ಸ್ಟೆಲ್ಲಾ ತಲೆ ತಗ್ಗಿಸಿ ಕುಳಿತಿದ್ದಳು, ಆದರೆ ಕಿವಿಯ ತನಕ ನಗುತ್ತಿದ್ದಳು. ಅವಳು ಅಷ್ಟು ನಕ್ಕದ್ದನ್ನು ನಾನು ಆಮೇಲೆ ಕಂಡಿಲ್ಲ.

ದಾಂಡೇಲಿಯ ಕಾಳಿ ನದಿಯಲ್ಲಿ ಬೇಸಿಗೆಯ ನೀರು ಮಳೆಯದಲ್ಲ. ಮೇಲಿನ ವಿದ್ಯುದಾಗಾರದ ಯಂತ್ರಗಳು ತಿರುಗುವಷ್ಟು ಹೊತ್ತು ಹೊಳೆ ತುಂಬಿ ಹರಿಯುತ್ತದೆ. ಯಂತ್ರ ನಿಂತ ಮೇಲೆ ನೀರು ಇಳಿಯುತ್ತ ಹೋಗಿ, ಬಂಡೆಗಳು ಒಂದೊಂದಾಗಿ ತಲೆಯೆತ್ತುತ್ತವೆ. ರಾಫ್ಟುಗಳು ಆ ನೀರನ್ನು ನಂಬಿಯೇ ಇಳಿಯುತ್ತವೆ. ಮೇಳದ ದಿನ ಒಂದು ಗಂಟೆಯ ಅನಂತರ ರಾಫ್ಟ್ ಇರುವುದಿಲ್ಲ ಎಂದು ಚೀಟಿಯ ಮೇಲೆಯೇ ಮುದ್ರಿಸಿದ್ದರು. ಕಾಯತಾನರ ಮೂರು ಚೀಟಿಗಳ ಮೇಲೆ ಹನ್ನೆರಡೂವರೆಯ ರಾಫ್ಟ್ ಎಂದು ಬರೆದಿತ್ತು. ಅದು ಆ ದಿನದ ಕೊನೆಯದು.

ಮೇಳದ ದಿನ ನಾನು ಎಂಟು ಗಂಟೆಗೇ ಅಲ್ಲಿದ್ದೆ. ಜೋಯಿಡಾದ ಕುಣಬಿ ಹೆಂಗಸರು ಗೆಡ್ಡೆಗೆಣಸುಗಳನ್ನು ಮಣ್ಣು ತೊಳೆಯದೆಯೇ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಅವುಗಳ ಪಲ್ಯವನ್ನು ಬಿಸಿ ಮಾಡುತ್ತಿದ್ದರು. ಮುಂಡಗೋಡದ ಟಿಬೆಟನ್ ಕಾಲನಿಯವರು ಮೊಮೊ ಬೇಯಿಸಲು ಹಬೆಯ ಪಾತ್ರೆಗಳನ್ನು ಏರಿಸಿದ್ದರು. ಧಾರವಾಡದ ಕಡೆಯವರ ರೊಟ್ಟಿ, ಶೇಂಗಾ ಚಟ್ನಿಯ ಮಳಿಗೆಯ ಮುಂದೆ ಆಗಲೇ ಜನ ಸೇರಿದ್ದರು. ಹುಬ್ಬಳ್ಳಿ, ಬೆಳಗಾವಿ, ಗೋವೆಗಳಿಂದ ಬಂದ ಕಾರುಗಳು ಹೊರಗಿನ ಬಯಲನ್ನು ತುಂಬಿದ್ದವು. ಒಳ್ಳೆಯ ವ್ಯವಸ್ಥೆ. ಅದನ್ನು ನಾನು ಧ್ವನಿವರ್ಧಕದಲ್ಲಿ ಎರಡು ಬಾರಿ ಹೇಳಿದೆ.

ಹನ್ನೊಂದು ಗಂಟೆಗೆ ಉದ್ಘಾಟನೆ ಆಗಬೇಕಿತ್ತು. ಮುಖ್ಯ ಅತಿಥಿಗಳು ಬಂದಿರಲಿಲ್ಲ. ಅವರನ್ನು ಕುಣಿತದೊಂದಿಗೆ ಬರಮಾಡಿಕೊಳ್ಳಲು ಮುಂಡಗೋಡದಿಂದ ಒಂದು ಸಿದ್ದಿ ತಂಡ ಬರಬೇಕಾಗಿತ್ತು. ಅವರ ಟೆಂಪೋ ದಾರಿಯಲ್ಲಿ ಕೆಟ್ಟು ನಿಂತಿದೆ ಎಂಬ ಸುದ್ದಿ ಬಂತು. ಮೇಳದ ಸಮಿತಿಯ ಕಾರ್ಯದರ್ಶಿ ಪುಂಡಲೀಕ, ಯಾರ ಮೇಲೂ ಸಿಟ್ಟು ಮಾಡದ, ಸದಾ ಓಡಾಡುವ ಮನುಷ್ಯ, ವೇದಿಕೆಯ ಬಳಿ ಬಂದು ಬೆವರೊರೆಸಿಕೊಂಡು ಹೋದ. ಕಾಲು ಗಂಟೆಯಲ್ಲಿ ಮತ್ತೆ ನಗುತ್ತ ಬಂದ.

“ಚಿಂತಿ ಬಿಡ್ರಿ ಸರ. ಮೂರು ಮಂದಿ ಬಂದು ಹಿಂದ ಕುಂತಾರ. ಅವರಷ್ಟs ಸಾಕು. ಆದ್ರ ಯಾಕೋ ವೇಷ ಹಾಕ್ಕೊಳ್ಳಾಕ ಒಲ್ಲೆ ಅನ್ನಾಕತ್ತಾರ. ನಿಮ್ಮ ಊರಾವರಂತ. ನೀವು ಒಂದು ಮಾತು ಹೇಳ್ರಿ.”

ವೇದಿಕೆಯ ಹಿಂದೆ ಪರದೆ ಕಟ್ಟಿದ ಜಾಗದಲ್ಲಿ ಒಂದು ಬೆಂಚಿತ್ತು. ಅದರ ಮೇಲೆ ಕಾಯತಾನ, ಅವರ ಹೆಂಡತಿ ಲೂಸಿ ಮತ್ತು ಸ್ಟೆಲ್ಲಾ ಕುಳಿತಿದ್ದರು. ಕಾಯತಾನ ಇಗರ್ಜಿಗೆ ತೊಡುವ ಬಿಳಿ ಅಂಗಿಯಲ್ಲಿದ್ದರು. ಲೂಸಿಯ ಕೈಯಲ್ಲಿ ಚೀಲವಿರಲಿಲ್ಲ. ಬುತ್ತಿ ಕಟ್ಟಿಕೊಂಡು ಹೋಗುವುದು ದುಡಿಯಲು ಹೋಗುವವರು, ಇವತ್ತು ಬೇಡ ಎಂದು ಸ್ಟೆಲ್ಲಾ ಹಿಂದಿನ ದಿನವೇ ತಾಯಿಗೆ ಹೇಳಿದ್ದಳಂತೆ.

ನಡೆದದ್ದು ಇಷ್ಟು. ಮುಂದಿನ ಬಾಗಿಲಲ್ಲಿ ಚೀಟಿ ತೋರಿಸುವ ಮುನ್ನವೇ ಕಾವಲುಗಾರ ಇವರ ಮುಖ ನೋಡಿ, ನಿಮ್ಮದು ಹಿಂದಿನ ಗೇಟು ಎಂದ. ಹೊಳೆ ಹಿಂದೆಯೇ ಇದ್ದುದರಿಂದ ರಾಫ್ಟಿಗೆ ಹೋಗುವ ದಾರಿ ಅದೇ ಇರಬೇಕೆಂದು ಇವರು ಬಗೆದರು. ಹಿಂದಿನ ಗೇಟಿನಲ್ಲಿ ಯಾರೋ ಬೆಂಚು ತೋರಿಸಿದರು, ಕಾಗದದ ಕಪ್ಪಿನಲ್ಲಿ ಚಹಾ ಕೊಟ್ಟರು. ಮೂವರೂ ಕುಡಿದರು. ಮುಕ್ಕಾಲು ಗಂಟೆ ಕಾದರು. ಆಮೇಲೆ ಒಬ್ಬನು ದೊಡ್ಡ ಚೀಲವೊಂದನ್ನು ತಂದಿಟ್ಟು, ಅಳತೆ ನೋಡಿ ಹಾಕಿಕೊಳ್ಳಿ ಎಂದು ಹೇಳಿ ಹೋದ. ಲೈಫ್ ಜಾಕೆಟ್ ಇರಬೇಕೆಂದು ಸ್ಟೆಲ್ಲಾ ಓಡಿಹೋಗಿ ಚೀಲ ಬಿಚ್ಚಿದಳು. ಅದರಲ್ಲಿ ಹಸಿರು ಪ್ಲಾಸ್ಟಿಕ್ ಎಲೆಗಳ ಲಂಗಗಳಿದ್ದವು. ಎಲುಬಿನ ಆಕಾರದ ಬಿಳಿ ಮಣಿಗಳ ಸರಗಳಿದ್ದವು. ಮುಖಕ್ಕೆ ಬಳಿಯುವ ಸುಣ್ಣದಂಥ ಬಣ್ಣದ ಡಬ್ಬಿಯಿತ್ತು.

ನಾನು ಹೋದಾಗ ಒಂದು ಲಂಗ ಅವಳ ಕೈಯಲ್ಲಿಯೇ ಇತ್ತು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ಸಿದ್ದಿ ಮನೆಗಳಲ್ಲಿ ಕುಣಿತವಿದೆ, ಡಮಾಮಿ ಎಂಬ ವಾದ್ಯವಿದೆ. ಹಬ್ಬಕ್ಕೆ, ಮದುವೆಗೆ ಅವರು ತಮ್ಮ ಉಡುಗೆಯಲ್ಲಿಯೇ ಕುಣಿಯುತ್ತಾರೆ. ಎಲೆ ಸುತ್ತಿಕೊಂಡು ಮುಖಕ್ಕೆ ಸುಣ್ಣ ಬಳಿದುಕೊಂಡ ಸಿದ್ದಿಯನ್ನು ನಮ್ಮ ಹಳ್ಳಿಯಲ್ಲಿ ನಾನು ಎಂದೂ ಕಂಡಿಲ್ಲ. ಅದು ಊರ ಹೊರಗಿನವರ ಕಲ್ಪನೆ. ಹಣ ಕೊಟ್ಟು ಬಂದವರಿಗೆ ಕಾಡಿನ ಮನುಷ್ಯನನ್ನು ತೋರಿಸಬೇಕೆಂದು ಯಾರೋ ಅಂಗಡಿಯಿಂದ ಕೊಂಡು ತಂದ ಕಲ್ಪನೆ. ಅದನ್ನು ಹೊಲಿದವರು, ಕೊಂಡವರು, ಹಂಚಿದವರು, ನೋಡಿ ಚಪ್ಪಾಳೆ ತಟ್ಟಿದವರು ಎಲ್ಲರೂ ಓದಿದವರು. ಶಾಲೆ ಅವರಿಗೆ ಏನನ್ನು ಕಲಿಸಿತು ಎಂದು ನಾನು ಕೇಳುತ್ತೇನೆ. ಕೇಳುವ ಹಕ್ಕು ನನಗೆ ಉಳಿದಿಲ್ಲವಾದರೂ ಪ್ರಶ್ನೆ ಉಳಿದಿದೆ.

ಕಾಯತಾನ ನನ್ನನ್ನು ಕಂಡೊಡನೆ ಎದ್ದು ನಿಂತು ಮೂರು ಚೀಟಿಗಳನ್ನು ಮುಂದೆ ಹಿಡಿದರು. ಅವರ ಮುಖದಲ್ಲಿ ನಿರಾಳವಿತ್ತು. ತಮ್ಮನ್ನು ಬಲ್ಲವನೊಬ್ಬ ಬಂದ, ಇನ್ನು ಹೇಳಬೇಕಾದದ್ದನ್ನು ಅವನೇ ಹೇಳುತ್ತಾನೆ ಎಂಬ ನಿರಾಳ. ಲೂಸಿ ಅರ್ಧ ನಗುತ್ತ, “ನಮ್ಮ ಮನಿಯವರಿಗೆ ನಮ್ಮ ಲಗ್ನದಾಗೂ ಕುಣಿಯಾಕ ಬರಲಿಲ್ಲರಿ ಸರ, ಇಲ್ಲೇನು ಕುಣೀತಾರ,” ಎಂದರು.

ಇವರು ಕುಣಿಯಲು ಬಂದವರಲ್ಲ, ಚೀಟಿ ಕೊಂಡು ಬಂದವರು. ಅಷ್ಟೇ ಹೇಳಬೇಕಾಗಿತ್ತು. ನಾಲ್ಕಾರು ಪದಗಳು. ಪುಂಡಲೀಕ ಕೆಟ್ಟವನಲ್ಲ, ಹೇಳಿದ್ದರೆ ನಾಚಿ ಕೈಮುಗಿಯುತ್ತಿದ್ದ. ಆದರೆ ಆ ಹೊತ್ತಿಗೆ ಹೊರಗೆ ಅತಿಥಿಗಳ ಕಾರು ಬಂದ ಸದ್ದಾಯಿತು. ಪುಂಡಲೀಕ ಗಡಿಯಾರ ನೋಡಿದ. ನನ್ನ ಕಿಸೆಯಲ್ಲಿ ಸಮಿತಿಯವರು ಬರೆದುಕೊಟ್ಟ ಸ್ವಾಗತದ ಚೀಟಿಯಿತ್ತು, ಕಾರ್ಯಕ್ರಮ ಕೆಟ್ಟರೆ ನಿರೂಪಕನ ಹೆಸರು ಕೆಡುತ್ತದೆ ಎಂಬ ಯೋಚನೆಯೂ ಇತ್ತು. ನಾನು ಹೀಗೆ ಹೇಳಿದೆ:

“ಕಾಯತಾನ, ಹತ್ತು ನಿಮಿಷದ ಮಾತು. ಮುಗಿದ ಕೂಡಲೆ ನಿಮ್ಮನ್ನ ನಾನs ರಾಫ್ಟಿಗೆ ಮುಟ್ಟಸ್ತೇನಿ.”

ಅವರು ಚೀಟಿಗಳನ್ನು ಚಾಚಿಯೇ ನಿಂತಿದ್ದರು. ಬಳಿಕ ಕೈ ಕೆಳಗಿಳಿಯಿತು. ಸಿಟ್ಟು ಬರಲಿಲ್ಲ, ನಾಚಿಕೆಯೂ ಬರಲಿಲ್ಲ. ಮುಖದಲ್ಲಿದ್ದ ಏನೋ ಒಂದು ಎದ್ದು ಹೊರಟುಹೋಯಿತು, ಅಷ್ಟೆ. ಹೆಂಡತಿಯ ಕಡೆ ನೋಡದೆ, “ಗುರುಗಳs ಹೇಳ್ತಾರಂದ್ರ ಆತು,” ಎಂದರು. ಚೀಟಿಗಳನ್ನು ಮಗಳ ಕೈಗೆ ಕೊಟ್ಟು, ಅವಳ ಕೈಯಲ್ಲಿದ್ದ ಲಂಗವನ್ನು ತೆಗೆದುಕೊಂಡರು. “ಹುಡುಗಿಗೆ ಬ್ಯಾಡ್ರಿ. ಆಕಿ ಇಲ್ಲೆ ಕುಂದ್ರತಾಳ.”

ಅವರು ಬಿಳಿ ಅಂಗಿಯನ್ನು ಬಿಚ್ಚಿ ನಾಲ್ಕಾಗಿ ಮಡಿಸಿ ಬೆಂಚಿನ ಮೇಲಿಟ್ಟರು.

ನಾನು ವೇದಿಕೆಗೆ ಮರಳಿ ಸ್ವಾಗತದ ಚೀಟಿಯನ್ನು ಓದಿದೆ. ಕಗ್ಗಾಡಿನ ಒಡಲಿನಿಂದ, ದೂರದ ಆಫ್ರಿಕದ ನೆಲದಿಂದ ಬಂದ ಆದಿಮ ಜನರ ಕುಣಿತವನ್ನು ಈಗ ನೋಡಲಿದ್ದೀರಿ ಎಂದು ಅದರಲ್ಲಿತ್ತು. ಬೆಳಿಗ್ಗೆಯೇ ನಾನು ಆ ಚೀಟಿಯನ್ನು ಓದಿ ಅದರಲ್ಲಿದ್ದ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿದ್ದೆ. ಉಳಿದುದನ್ನು ಇದ್ದಂತೆಯೇ ಓದಿದೆ. ದನಿ ಸ್ಪಷ್ಟವಾಗಿತ್ತು ಎಂದು ಆಮೇಲೆ ಹಲವರು ಹೇಳಿದರು.

ಕಾಯತಾನ ಕುಣಿಯಲಿಲ್ಲ. ಯಾರೋ ಕೊರಳಿಗೆ ನೇತುಹಾಕಿದ ಡೋಲನ್ನು ಒಂದೇ ಲಯದಲ್ಲಿ ಬಡಿಯುತ್ತ ಅತ್ತಿಂದಿತ್ತ ನಡೆದರು. ಭಾರ ಹೊತ್ತವನು ಹೆಜ್ಜೆ ಲೆಕ್ಕ ಹಾಕುವ ಹಾಗೆ. ಲೂಸಿ ಅವರ ಹಿಂದೆ ಕೈ ಬೀಸುತ್ತ ಸುತ್ತಿದರು. ಇಬ್ಬರ ಕಣ್ಣೂ ಎಲ್ಲಿಯೂ ನಿಲ್ಲಲಿಲ್ಲ. ಜನ ಮೊಬೈಲುಗಳನ್ನು ಎತ್ತಿ ಹಿಡಿದಿದ್ದರು. ಹತ್ತು ನಿಮಿಷಕ್ಕೆ ಕುಣಿತ ಮುಗಿಯಿತು. ಆದರೆ ಅತಿಥಿಗಳ ಜೊತೆ ಬಂದವರಿಗೆ ಫೋಟೋ ಬೇಕಾಗಿತ್ತು. ಬಳಿಕ ಇನ್ನೊಬ್ಬ ಅತಿಥಿ ತಡವಾಗಿ ಬಂದುದರಿಂದ ಮೊದಲಿನಿಂದ ಇನ್ನೊಮ್ಮೆ ಆಗಲಿ ಎಂದರು. ಒಬ್ಬ ತಾಯಿ ತನ್ನ ಅಳುವ ಮಗುವನ್ನು ಕಾಯತಾನರ ತೋಳಿಗೆ ಕೊಟ್ಟು, ಹೆದರಬೇಡ, ಏನೂ ಮಾಡುವುದಿಲ್ಲ ಎಂದು ಮಗುವಿಗೆ ಹೇಳುತ್ತ ಫೋಟೋ ತೆಗೆದಳು. ಕಾಯತಾನ ಮಗುವನ್ನು ಜೋಪಾನವಾಗಿ ಹಿಡಿದು ಹಿಂದಿರುಗಿಸಿದರು. ನಾನು ಧ್ವನಿವರ್ಧಕದಲ್ಲಿ ದಾನಿಗಳ ಹೆಸರುಗಳನ್ನು ಓದುತ್ತಿದ್ದೆ. ಹನ್ನೆರಡೂವರೆ ಯಾವಾಗ ಆಯಿತೆಂದು ನಾನು ನೋಡಲಿಲ್ಲ.

ಒಂದು ಗಂಟೆ ಹತ್ತು ನಿಮಿಷಕ್ಕೆ ಅವರನ್ನು ಕರೆದುಕೊಂಡು ದಂಡೆಗೆ ಹೋದೆ. ಬಿಳಿ ಅಂಗಿಯನ್ನು ಕಾಯತಾನ ಮತ್ತೆ ತೊಟ್ಟಿದ್ದರು. ಕಿವಿಯ ಹಿಂದೆ ಬಣ್ಣ ಉಳಿದಿತ್ತು. ಸ್ಟೆಲ್ಲಾ ಚೀಟಿಗಳನ್ನು ಮುಷ್ಟಿಯಲ್ಲಿ ಹಿಡಿದು ನಮ್ಮೆಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು.

ರಾಫ್ಟ್ ನಡೆಸುವ ಫಯಾಜ ಹುಟ್ಟುಗಳನ್ನು ಒಟ್ಟುಗೂಡಿಸಿ ಕಟ್ಟುತ್ತಿದ್ದ. ಹನ್ನೆರಡೂವರೆಯ ರಾಫ್ಟ್ ಮೂರು ಜಾಗ ಖಾಲಿ ಇಟ್ಟುಕೊಂಡೇ ಹೋಗಿ ಬಂದಿತ್ತು. ಹದಿನೈದು ನಿಮಿಷ ಕಾದೆ, ಹೆಸರು ಕೂಗಿದೆ ಎಂದ. ಅವನು ಕೂಗಿದ್ದು ನನ್ನ ಧ್ವನಿವರ್ಧಕದ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಒಂದೇ ಒಂದು ಸುತ್ತು, ಈ ಹುಡುಗಿಗೋಸ್ಕರ ಎಂದು ನಾನು ಕೇಳಿಕೊಂಡೆ. ಫಯಾಜ ಹೊಳೆಯ ಕಡೆ ಕೈ ಮಾಡಿದ.

“ನಾನು ಒಯ್ಯಾಕ ತಯಾರ ಅದೇನಿ ಸರ. ನೀರs ಇಲ್ಲಲ್ಲ. ನೋಡ್ರಿ, ಕಲ್ಲು ಎದ್ದಾವ.”

ಬಂಡೆಗಳು ಎದ್ದಿದ್ದವು. ಒದ್ದೆಯ ಗೆರೆ ಅವುಗಳ ಮೇಲೆ ಎಲ್ಲಿಯವರೆಗೆ ನೀರಿತ್ತು ಎಂಬುದನ್ನು ತೋರಿಸುತ್ತಿತ್ತು. ಸ್ಟೆಲ್ಲಾ ಅದನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ನಾನು ಮುಂದಿನ ವರ್ಷ ಎಂದೇನೋ ಹೇಳಲು ಹೊರಟೆ. ಕಾಯತಾನ ಕೈಮುಗಿದು, ಬಸ್ಸಿಗೆ ಹೊತ್ತಾಗುತ್ತದೆ ಎಂದರು. ಅವರು ನನಗೆ ಕೈಮುಗಿದರು ಎಂಬುದನ್ನು ನಾನು ಇಲ್ಲಿ ಬರೆದಿಡಬೇಕು.

ಊಟದ ಮಳಿಗೆಯಲ್ಲಿಯೂ ಅದೇ ಆಯಿತೆಂದು ಆಮೇಲೆ ತಿಳಿಯಿತು. ಮೇಜುಗಳು ಪ್ರವಾಸಿಗರಿಗೆ, ಕಲಾವಿದರಿಗೆ ಹಿಂದೆ ಪೊಟ್ಟಣ ಕಟ್ಟಿಟ್ಟಿದೆ ಎಂದು ಬಡಿಸುವವನು ಹೇಳಿದ. ಚೀಟಿ ತೋರಿಸುವ ಮನಸ್ಸು ಆಗ ಯಾರಿಗೂ ಇರಲಿಲ್ಲ. ಕಾಯತಾನ ಪೊಟ್ಟಣಗಳನ್ನು ಬೆಂಚಿನ ಮೇಲೆಯೇ ಬಿಟ್ಟು ನಡೆದರು. ಅನ್ನ ಚೆಲ್ಲಬಾರದೆಂದು ಲೂಸಿ ಹಿಂದಿರುಗಿ ಹೋಗಿ ಅವನ್ನು ಎತ್ತಿಕೊಂಡರು. ಚೀಲ ತಂದಿರಲಿಲ್ಲವಾದ್ದರಿಂದ ಮೂರು ಪೊಟ್ಟಣಗಳನ್ನು ಸೆರಗಿನಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದರು.

ಸೋಮವಾರ ಮಕ್ಕಳು ನಿಬಂಧದ ಪುಸ್ತಕಗಳನ್ನು ಒಪ್ಪಿಸಿದರು. ಸ್ಟೆಲ್ಲಾಳ ಪುಸ್ತಕವನ್ನು ನಾನು ಕೊನೆಗೆ ಇಟ್ಟುಕೊಂಡೆ. ಎರಡು ಪುಟ, ಒಂದೇ ಒಂದು ತಪ್ಪೂ ಇರಲಿಲ್ಲ. ಅವರು ಮುಂಜಾನೆ ಬೇಗನೆ ಎದ್ದು ಹೊರಟರು. ಮೇಳದಲ್ಲಿ ಬಗೆಬಗೆಯ ತಿನಿಸುಗಳನ್ನು ಸವಿದರು. ರಾಫ್ಟಿನಲ್ಲಿ ಕುಳಿತಾಗ ತಣ್ಣನೆಯ ಗಾಳಿ ಬೀಸುತ್ತಿತ್ತು, ಅಲೆಗಳು ಮುತ್ತಿನಂತೆ ಚಿಮ್ಮುತ್ತಿದ್ದವು. ಪ್ರಕೃತಿಯ ಸೌಂದರ್ಯವನ್ನು ಕಂಡು ಎಲ್ಲರ ಮನಸ್ಸೂ ಹಿಗ್ಗಿತು. ಸಂಜೆ ಎಲ್ಲರೂ ಸಂತೋಷದಿಂದ ಮನೆಗೆ ಮರಳಿದರು.

ಬಿಡುವಿನ ವೇಳೆಯಲ್ಲಿ ಅವಳನ್ನು ಕರೆದು, ಇದು ಯಾಕೆ ಹೀಗೆ ಎಂದು ಕೇಳಿದೆ.

“ಹೋಗಿದ್ದ ಊರs ಬರದೇನಿ ಸರ,” ಎಂದಳು. “ಉಳಿದದ್ದು ನಿಬಂಧಮಾಲಾದಾಗ ಇತ್ತು.”

ಅವಳ ದನಿಯಲ್ಲಿ ಉದ್ಧಟತನವಿರಲಿಲ್ಲ. ನಾನು ಕೇಳಿದೆ, ಅವಳು ಹೇಳಿದಳು. ಬೆಂಚಿನ ಬಳಿ ಅವಳ ತಂದೆಯ ಮುಖದಿಂದ ಹೊರಟುಹೋದದ್ದು ಇವಳ ಮುಖದಲ್ಲಿಯೂ ಇರಲಿಲ್ಲ.

ನನ್ನ ನಿಯಮದ ಪ್ರಕಾರ ಅದಕ್ಕೆ ಸೊನ್ನೆ ಕೊಡಬೇಕು. ಕೊಡಲಿಲ್ಲ. ಪೂರ್ಣ ಅಂಕ ಕೊಟ್ಟರೆ ಅದೂ ಒಂದು ಲಂಚ. ಆ ವಾರ ನಾನು ಎರಡು ಕಾಗದಗಳನ್ನು ಬರೆದೆ. ಮೇಳದ ಸಮಿತಿಗೆ, ಇನ್ನು ಮುಂದೆ ನಿರೂಪಣೆಗೆ ಬರುವುದಿಲ್ಲ, ಆ ಎಲೆಯ ವೇಷಗಳನ್ನು ಸುಟ್ಟುಹಾಕಬೇಕು, ಆ ಕುಟುಂಬದ ಕ್ಷಮೆ ಕೇಳಬೇಕು ಎಂದು ಒಂದು. ಅದಕ್ಕೆ ಉತ್ತರ ಬರಲಿಲ್ಲ. ಎರಡನೆಯದನ್ನು ಸ್ಟೆಲ್ಲಾಳ ಪುಸ್ತಕದಲ್ಲಿ, ಅವಳ ನಿಬಂಧದ ಮುಂದಿನ ಪುಟದಲ್ಲಿ, ನನ್ನ ಕೈಯಿಂದಲೇ ಬರೆದೆ. ಆ ದಿನ ನಿಜವಾಗಿ ನಡೆದದ್ದೇನು ಎಂಬುದನ್ನು ಕ್ರಮವಾಗಿ ಬರೆದು, ತಪ್ಪು ನಿಮ್ಮದಲ್ಲ, ನಮ್ಮದು ಎಂದು ಕೊನೆಗೊಳಿಸಿ ಸಹಿ ಹಾಕಿದೆ. ಮಗುವಿನ ಪುಸ್ತಕದಲ್ಲಿ ಸತ್ಯ ಇರಬೇಕೆಂಬುದು ನನ್ನ ಹಟವಾಗಿತ್ತು.

ಅವಳಿಗೆ ಓದಲು ಹೇಳಿದೆ. ಅವಳು ನನ್ನ ಮೇಜಿನ ಪಕ್ಕದಲ್ಲಿ ನಿಂತು, ತರಗತಿಯಲ್ಲಿ ಓದುವ ಹಾಗೆ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಕಾವಲುಗಾರನ ಮಾತು, ಚಹಾ, ಚೀಲ, ಲಂಗ, ಫೋಟೋಗಳು, ಇಳಿದ ನೀರು. ನಡುವೆ ಒಂದು ಕಡೆ ಬೆರಳು ನಿಂತಿತು. ಸಮಿತಿಯವರ ಒತ್ತಾಯದಿಂದ ಕಾಯತಾನ ವೇಷ ತೊಡಬೇಕಾಯಿತು ಎಂದು ನಾನು ಬರೆದಿದ್ದ ಸಾಲು.

“ಸರ, ಹತ್ತು ನಿಮಿಷದ ಮಾತು ಅಂತ ನೀವು ಹೇಳಿದ್ದು ಇಲ್ಲಿ ಬರದಿಲ್ಲ.”

ನಾನು ಆ ಸಾಲನ್ನು ನೋಡಿದೆ. ಬರೆಯುವಾಗ ಅದನ್ನು ಬಿಟ್ಟೆನೆಂದು ನನಗೆ ಗೊತ್ತಾಗಿರಲಿಲ್ಲ. ಸುಳ್ಳು ಬರೆದೆನೆಂದೂ ಅನ್ನಿಸಿರಲಿಲ್ಲ. ಪೆನ್ನು ತೆಗೆದುಕೊಂಡು ಸಮಿತಿಯವರ ಒತ್ತಾಯದಿಂದ ಎಂಬುದನ್ನು ಹೊಡೆದುಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ, ಹತ್ತು ನಿಮಿಷದ ಮಾತು ಎಂದು ಅವರ ಮಗಳ ಶಿಕ್ಷಕ ಬಸಲಿಂಗಯ್ಯನಾದ ನಾನು ಹೇಳಿದ್ದರಿಂದ ಎಂದು ಸೇರಿಸಿದೆ. ಅವಳು ಬಗ್ಗಿ ನೋಡಿ, ಬೆರಳನ್ನು ಮುಂದಿನ ಸಾಲಿಗೆ ಸರಿಸಿ, ಕೊನೆಯವರೆಗೂ ಓದಿದಳು.

ಬಳಿಕ ಪುಸ್ತಕ ಮುಚ್ಚಿ, ಈ ಪುಟ ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಗಂಟೆ ಹೊಡೆಯಿತು. ಅವಳು ಪುಸ್ತಕವನ್ನು ಎದೆಗವಚಿಕೊಂಡು ತನ್ನ ಜಾಗಕ್ಕೆ ಹೋಗಿ ಕುಳಿತಳು, ನಾನು ಪೌರನೀತಿಯ ಪಾಠವನ್ನು ತೆರೆದೆ.